ಒಂದೇ ಫೋನಿರುವ ತರಗತಿಗೆ ಪ್ಲಿಕರ್ಸ್: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಆನ್‌ಲೈನ್ ಕ್ವಿಜ್ ಎಂದ ಕೂಡಲೇ ಶಿಕ್ಷಕರ ತರಬೇತಿಗಳಲ್ಲಿ ತೋರಿಸುವುದು ಕಹೂಟ್ ಅಥವಾ ಗೂಗಲ್ ಫಾರ್ಮ್ಸ್. ಎರಡೂ ಒಳ್ಳೆಯವೇ. ಆದರೆ ಮಕ್ಕಳ ಕೈಯಲ್ಲಿ ಫೋನೋ ಕಂಪ್ಯೂಟರೋ ಇಲ್ಲದಿದ್ದರೆ ಎರಡೂ ಮುಂದೆ ಸಾಗುವುದಿಲ್ಲ. ಪ್ಲಿಕರ್ಸ್ ಎಂಬ ಕ್ವಿಜ್ ಆ್ಯಪ್‌ನಲ್ಲಿ ಫೋನು ಬೇಕಿರುವುದು ಪಾಠ ಮಾಡುವವರಿಗೆ ಮಾತ್ರ. ಮಕ್ಕಳು ಕಪ್ಪು ಆಕಾರ ಅಚ್ಚಾದ ಒಂದೊಂದು ಕಾಗದದ ಕಾರ್ಡು ಎತ್ತಿ ಹಿಡಿಯುತ್ತಾರೆ, ನೀವು ಫೋನಿನ ಕ್ಯಾಮೆರಾವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತೀರಿ, ಯಾರು ಯಾವ ಉತ್ತರ ಕೊಟ್ಟರು ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ.

ಕಾರ್ಡುಗಳು ಪ್ಲಿಕರ್ಸ್ ಜಾಲತಾಣದಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡುಗಳು, ಹಾಳೆಗೆ ಎರಡರಂತೆ 20 ಹಾಳೆ. ಹೆಚ್ಚು ಮಕ್ಕಳಿರುವ ತರಗತಿಗೆ 63 ಕಾರ್ಡಿನ ಸೆಟ್ ಇದೆ. ಉದ್ದನೆಯ ಕೊಠಡಿಯಾದರೆ ಹಾಳೆಗೆ ಒಂದೇ ಕಾರ್ಡು ಬರುವ ದೊಡ್ಡ ಅಳತೆಯದ್ದನ್ನೇ ಮುದ್ರಿಸಿ, ಹಿಂದಿನ ಬೆಂಚಿನ ತಲೆನೋವು ಅರ್ಧ ಕಡಿಮೆಯಾಗುತ್ತದೆ. ತರಗತಿಯಲ್ಲಿ 63ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಇಬ್ಬರಿಗೆ ಒಂದು ಕಾರ್ಡು ಕೊಡುವುದು ಒಂದು ದಾರಿ.

ಮುದ್ರಣದಲ್ಲೇ ಹೆಚ್ಚಿನವರು ಎಡವುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಟೋನರ್ ಮುಗಿಯುತ್ತ ಬಂದ ಯಂತ್ರದಿಂದ ತೆಗೆಸಿದರೆ ಕಪ್ಪು ಭಾಗ ಬೂದಿ ಬಣ್ಣವಾಗಿ ಬರುತ್ತದೆ, ಕ್ಯಾಮೆರಾ ಅದನ್ನು ಗುರುತಿಸಲು ತಿಣುಕುತ್ತದೆ. ತೆಳ್ಳನೆಯ ಕಾಗದ ಬಾಗುತ್ತದೆ, ಬಾಗಿದ ಆಕಾರ ಓದಲಾಗುವುದಿಲ್ಲ. ದಪ್ಪ ಐವರಿ ಶೀಟಿನ ಮೇಲೆ ಮುದ್ರಿಸಿ, ಇಲ್ಲವೇ ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ. ಬಾಳಿಕೆ ಬರಲೆಂದು ಲ್ಯಾಮಿನೇಷನ್ ಮಾಡಿಸುವವರು ಮಿರುಗುವ ಹಾಳೆಯನ್ನು ಬೇಡವೆನ್ನಿ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಕಾರ್ಡಿನ ಬದಲು ಬಿಳಿ ಕಲೆಯೇ ಕ್ಯಾಮೆರಾಕ್ಕೆ ಕಾಣುತ್ತದೆ. ಮ್ಯಾಟ್ ಹಾಳೆ ಸಿಗದಿದ್ದರೆ ಲ್ಯಾಮಿನೇಷನ್ನೇ ಬೇಡ.

ಇನ್ನು ಖಾತೆ. ಕಂಪ್ಯೂಟರಿನಲ್ಲಿ ಜಾಲತಾಣ ತೆರೆದು ನೋಂದಾಯಿಸಿ, ತರಗತಿ ಸೃಷ್ಟಿಸಿ, ಮಕ್ಕಳ ಹೆಸರು ಸೇರಿಸಿ, ಪ್ರತಿ ಹೆಸರಿನ ಮುಂದಿನ ಕಾರ್ಡ್ ಸಂಖ್ಯೆಯನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಗೆ ಹೊಂದಿಸಿಕೊಳ್ಳಿ. ಈ ಹೊಂದಾಣಿಕೆ ಬಿಟ್ಟರೆ ಪ್ರತಿ ಸಲ ಕಾರ್ಡು ಹಂಚುವುದೇ ಅರ್ಧ ಪೀರಿಯಡ್ ತಿನ್ನುತ್ತದೆ. ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆಲ್ಲ ಒಂದೇ ಸೆಟ್ ಸಾಕು. 12ನೇ ಕಾರ್ಡು ಒಂದು ತರಗತಿಯಲ್ಲಿ ಒಬ್ಬರದು, ಇನ್ನೊಂದರಲ್ಲಿ ಇನ್ನೊಬ್ಬರದು. ಆ್ಯಪ್‌ನಲ್ಲಿ ಸರಿಯಾದ ತರಗತಿ ಆರಿಸಿದ್ದೀರಾ ಎಂದು ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಎಂಟನೆಯವರ ಉತ್ತರ ಒಂಬತ್ತನೆಯವರ ಲೆಕ್ಕಕ್ಕೆ ಹೋಗುತ್ತದೆ.

ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ಕಾಪಿ ಮಾಡಿ ಅಂಟಿಸಿದರೆ ಮಾತ್ರ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದು ಪ್ಲಿಕರ್ಸ್‌ನ ದೋಷವಲ್ಲ, ಆ ಪಠ್ಯ ಯೂನಿಕೋಡ್ (ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲ. ಪರಿವರ್ತಕದಲ್ಲಿ ಹಾಕಿ ಬದಲಿಸಿ, ಅಥವಾ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ. ಭಿನ್ನರಾಶಿ, ವರ್ಗಮೂಲ, ರೇಖಾಚಿತ್ರಗಳಿಗೆ ಬಿಳಿ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದು ಫೋಟೊ ತೆಗೆದು ಚಿತ್ರವಾಗಿ ಸೇರಿಸುವುದು ಸಲೀಸು.

ಪ್ರತಿ ಪ್ರಶ್ನೆಗೆ ಗರಿಷ್ಠ ನಾಲ್ಕು ಆಯ್ಕೆಗಳು, ಕಾರ್ಡಿಗೂ ನಾಲ್ಕೇ ಬದಿ. ಈ ನಾಲ್ಕು ಆಯ್ಕೆಗಳನ್ನು ಹೇಗೆ ಕೊಡುತ್ತೀರಿ ಎಂಬುದರ ಮೇಲೇ ಸಾಧನದ ಬೆಲೆ ನಿಂತಿದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಎಂಬ ಲೆಕ್ಕ ತೆಗೆದುಕೊಳ್ಳಿ. ಆಯ್ಕೆಗಳು 2/5, 2/6, 5/6, 1/6. ಸರಿಯುತ್ತರ 5/6. 2/5 ಎಂದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ. 2/6 ಎಂದವರಿಗೆ ಲಸಾಅ ತೆಗೆಯಲು ಬರುತ್ತದೆ, ಆದರೆ ಅಂಶವನ್ನು ಬದಲಿಸುವುದು ಮರೆತಿದೆ. 1/6 ಎಂದವರು ಗುಣಿಸಿಬಿಟ್ಟಿದ್ದಾರೆ. ಪಟ್ಟಿ ಮೂಡಿದ ಕೂಡಲೇ ಮುಂದಿನ ಹತ್ತು ನಿಮಿಷ ಏನು ಕಲಿಸಬೇಕೆಂದು ತಿಳಿಯುತ್ತದೆ. ಮೂರು ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದಂತೆ ತುಂಬಿದರೆ ಸಿಗುವುದು ಬರೀ ಶೇಕಡಾವಾರು. ಅಷ್ಟಕ್ಕೆ ಕೈ ಎತ್ತಿಸಿದರೂ ಸಾಕಾಗಿತ್ತು.

ತರಗತಿಯಲ್ಲಿ ನಡೆಸುವಾಗ ಎದುರಾಗುವ ದೊಡ್ಡ ತೊಂದರೆ ತಾಂತ್ರಿಕವಲ್ಲ, ಕಾರ್ಡು ಹಿಡಿಯುವ ರೀತಿಯದು. ಕಾರ್ಡಿನ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಸಣ್ಣದಾಗಿ ಅಚ್ಚಾಗಿರುತ್ತವೆ. ಯಾವ ಅಕ್ಷರ ಮೇಲಿದೆಯೋ ಅದೇ ಉತ್ತರ. ಮಕ್ಕಳು ತಮ್ಮ ಕಡೆ ನೋಡಿ ಸರಿಯಾದ ಅಕ್ಷರ ಮೇಲಿಟ್ಟುಕೊಳ್ಳುತ್ತಾರೆ, ಆಮೇಲೆ ನಿಮ್ಮತ್ತ ತೋರಿಸಲು ಕಾರ್ಡನ್ನು ಮೇಲಿಂದ ಕೆಳಕ್ಕೆ ಮಗುಚುತ್ತಾರೆ. ಅಲ್ಲಿಗೆ ಎದುರು ಬದಿಯ ಅಕ್ಷರ ಮೇಲೆ ಬಂದು, ಗೊತ್ತಿದ್ದವರ ಉತ್ತರವೂ ತಪ್ಪಾಗುತ್ತದೆ. ಪುಸ್ತಕದ ಪುಟ ತಿರುವಿದ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಮೊದಲ ದಿನ "ಎಲ್ಲರೂ ಬಿ ತೋರಿಸಿ" ಎಂದು ಒಂದು ಸುಳ್ಳು ಪ್ರಶ್ನೆ ನಡೆಸಿ, ಯಾರ ಹೆಸರಿನ ಮುಂದೆ ಬೇರೆ ಅಕ್ಷರ ಬಂತೆಂದು ನೋಡಿ ತಿದ್ದಿ. ಎರಡನೆಯ ಕಾಟ ಬೆರಳುಗಳದು. ಕಪ್ಪು ಆಕಾರದ ಮೇಲೆ ಬೆರಳು ಬಿದ್ದರೆ ಕಾರ್ಡು ಓದಲಾಗುವುದಿಲ್ಲ, ಹಾಗಾಗಿ ಬಿಳಿ ಅಂಚನ್ನಷ್ಟೇ ಹಿಡಿಯುವ ಅಭ್ಯಾಸವಾಗಬೇಕು. ಮುಖ ಮರೆಮಾಡಿಕೊಂಡು ಹಿಡಿದ ಕಾರ್ಡುಗಳೇ ಚೆನ್ನಾಗಿ ಸ್ಕ್ಯಾನ್ ಆಗುತ್ತವೆ, ಮಕ್ಕಳಿಗೂ ಅದು ಖುಷಿ.

ಮಕ್ಕಳ ಬೆನ್ನ ಹಿಂದೆ ಕಿಟಕಿ ಇದ್ದರೆ ಕಾರ್ಡು ಕತ್ತಲಾಗಿ ಕಾಣುತ್ತದೆ. ನೀವು ನಿಲ್ಲುವ ಮೂಲೆ ಬದಲಿಸಿ ನೋಡಿ. ಸ್ಕ್ಯಾನ್ ಮಾಡುವಾಗ ಅವಸರ ಬೇಡ. ಯಾರಾದರೂ ಉತ್ತರ ಬದಲಿಸಿ ಮತ್ತೆ ಎತ್ತಿದರೆ ಕೊನೆಗೆ ಓದಿದ್ದೇ ಉಳಿಯುತ್ತದೆ. ಒಬ್ಬರ ಕಾರ್ಡು ಒಂದೇ ಸಮನೆ ಕೈಕೊಡುತ್ತಿದ್ದರೆ ಆ ಒಂದನ್ನೇ ಮತ್ತೆ ಮುದ್ರಿಸಿ.

ನಕಲಿನ ವಿಷಯದಲ್ಲಿ ಪ್ಲಿಕರ್ಸ್ ಗೆಲ್ಲುತ್ತದೆ. ಪ್ರತಿ ಕಾರ್ಡಿನ ಆಕಾರ ಬೇರೆ, ಅಕ್ಷರಗಳು ಪುಟ್ಟವು, ಪಕ್ಕದವರ ಕಾರ್ಡು ನೋಡಿ ಪ್ರಯೋಜನವಿಲ್ಲ. ಪ್ರೊಜೆಕ್ಟರ್ ಇದ್ದರೆ ಪ್ರಶ್ನೆಯನ್ನೂ, ಯಾರ ಉತ್ತರ ಬಂದಿದೆ ಎಂಬುದನ್ನೂ ತೆರೆಯ ಮೇಲೆ ತೋರಿಸಬಹುದು. ಪ್ರೊಜೆಕ್ಟರ್ ಇಲ್ಲದಿದ್ದರೆ ಪ್ರಶ್ನೆ ಕಪ್ಪುಹಲಗೆಯ ಮೇಲಿರಲಿ, ಏನೂ ಕೊರತೆಯಾಗದು. ಫೋನಿನ ಪರದೆಯಲ್ಲಿ ಸರಿಯುತ್ತರ ಹಸಿರು, ತಪ್ಪು ಕೆಂಪಾಗಿ ಬರುವುದರಿಂದ ಮುಂದಿನ ಬೆಂಚಿನವರ ಕಣ್ಣಿಗೆ ಅದು ಬೀಳದಂತೆ ಹಿಡಿಯಿರಿ.

ಉಚಿತ ಖಾತೆಯಲ್ಲಿ ಒಂದು ಪ್ರಶ್ನೆ ಸೆಟ್‌ಗೆ 5 ಪ್ರಶ್ನೆಗಳ ಮಿತಿಯಿದೆ, ಸೆಟ್‌ಗಳು ಎಷ್ಟಾದರೂ ಇರಬಹುದು. 20 ಅಂಕದ ಕಿರುಪರೀಕ್ಷೆಗೆ ಇದನ್ನು ಬಳಸಬೇಕೆಂದರೆ ಕಿರಿಕಿರಿಯೇ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಬಳಸುವುದೇ ತಪ್ಪು. ಪಾಠದ ನಡುವೆ ಎರಡು ಪ್ರಶ್ನೆ, ಮುಗಿದಾಗ ಒಂದು, ಅಷ್ಟಕ್ಕೆ ಈ ಮಿತಿ ಅಡ್ಡಬರುವುದಿಲ್ಲ. ಹಣ ಕೊಟ್ಟು ಪ್ರೊ ಆವೃತ್ತಿ ಕೊಳ್ಳುವ ಅಗತ್ಯ ಹೆಚ್ಚಿನ ಶಾಲೆಗಳಿಗಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಗಳಿಗೆ ಲಿಖಿತ ದಾಖಲೆ ಬೇಕೇ ಬೇಕು, ಇದರ ವರದಿಯನ್ನು ಪೂರಕವಾಗಿ ಮಾತ್ರ ಇಟ್ಟುಕೊಳ್ಳಿ. ವಿವರಣೆ ಬರೆಸಬೇಕಾದ ಪ್ರಶ್ನೆಗೂ, ಪ್ರಬಂಧಕ್ಕೂ ಇದು ಯಾವ ರೀತಿಯಲ್ಲೂ ಆಗಿಬರುವುದಿಲ್ಲ.

ಹೆಸರಿನ ಪಟ್ಟಿ ಶಾಲೆಯ ಹೊರಗಿನ ಸರ್ವರಿಗೆ ಹೋಗುತ್ತದೆ ಎಂಬುದೂ ನೆನಪಿರಲಿ. ಕ್ರಮಸಂಖ್ಯೆಯ ಜೊತೆ ಕರೆಯುವ ಹೆಸರಷ್ಟೇ ಸಾಕು. ಇನಿಷಿಯಲ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ, ಪೋಷಕರ ಮೊಬೈಲ್ ನಂಬರ್ ಯಾವುದನ್ನೂ ಅಲ್ಲಿ ತುಂಬಬೇಡಿ. ಇಬ್ಬರು ಲಕ್ಷ್ಮಿಯರಿದ್ದರೆ ಲಕ್ಷ್ಮಿ 14, ಲಕ್ಷ್ಮಿ 15 ಎಂದು ಬರೆಯಿರಿ.