ಲಾಡಿ ಬ್ಯಾಗಿನ ಕಿಟ್: ಕಟಿಂಗಿಗೆ ನಾಲ್ಕು ಸ್ಟಾರ್, ಲಾಡಿಗೆ ಒಂದೇ

ಬಟ್ಟೆಯನ್ನು ಕತ್ತರಿಸಿಯೇ ಕಳಿಸುತ್ತಾರೆ, ನಾವು ಹೊಲಿದುಕೊಂಡರೆ ಆಯ್ತು. ಇಂಥ ಕಿಟ್‌ಗಳು ಈಗ ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ತರಿಸಿದ್ದು ಒಳಗೆ ಲೈನಿಂಗ್ ಇರುವ ಲಾಡಿ ಬ್ಯಾಗಿನದು. ಲಾಡಿ ಎಳೆದರೆ ಬಾಯಿ ಮುಚ್ಚುತ್ತದೆ, ಅದೇ ಲಾಡಿಯನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಬಹುದು. ಬೆಲೆ 649 ರೂಪಾಯಿ. ಬೇಕಾಗಿದ್ದು ನನಗಲ್ಲ, ತಂಗಿ ಮಗಳಿಗೆ. ಪಿಯುಸಿ ಪರೀಕ್ಷೆ ಮುಗಿಸಿ ದಾವಣಗೆರೆಗೆ ಬಂದಿದ್ದಾಳೆ, "ಹೊಲಿಗೆ ಕಲಿಸು ದೊಡ್ಡಮ್ಮ" ಅಂತ ಒಂದೇ ಹಟ. ಬ್ಲೌಸ್ ಕೊಟ್ಟು ಕೂರಿಸಿದರೆ ತೋಳು ಕೂಡಿಸುವ ಹೊತ್ತಿಗೆ ಎದ್ದು ಹೋಗುತ್ತಾಳೆ. ಈ ಬ್ಯಾಗಿನಲ್ಲಿ ಎಲ್ಲವೂ ನೇರ ಹೊಲಿಗೆ, ಕಲಿಯುವವರಿಗೆ ಸರಿ ಅನಿಸಿತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಹಾಗಾಗಿ ಮೊದಲು ನೋಡಿದ್ದೇ ಕಟಿಂಗ್. ಅದರಲ್ಲಿ ಹೆಸರಿಡುವ ಹಾಗಿಲ್ಲ. ಹೊರಗಿನ ಎರಡು ತುಂಡು 16 ಇಂಚು ಅಗಲ, 19 ಇಂಚು ಉದ್ದ. ಬಟ್ಟೆಯ ನೂಲಿನ ಎಳೆಯ ನೇರಕ್ಕೇ ಕತ್ತರಿಸಿದ್ದಾರೆ, ಒಂದರ ಮೇಲೊಂದು ಇಟ್ಟರೆ ನಾಲ್ಕೂ ಮೂಲೆ ಕೂಡುತ್ತವೆ. ಹೊಲಿಗೆಗೆ ಅರ್ಧ ಇಂಚು ಬಿಡಬೇಕಾದ ಕಡೆ ಚಾಕ್ ಗೆರೆಯನ್ನೂ ಎಳೆದಿದ್ದಾರೆ. ಹೊರಗೆ ದಪ್ಪ ನೀಲಿ ಕ್ಯಾನ್ವಾಸ್, ಒಳಗೆ ತೆಳು ಹಳದಿ ಕಾಟನ್. ಲೈನಿಂಗ್ ತಿಳಿ ಬಣ್ಣದ್ದೇ ಇರಬೇಕು. ಕಪ್ಪು ಲೈನಿಂಗ್ ಹಾಕಿದ ಬ್ಯಾಗಿನಲ್ಲಿ ಸ್ಕೂಟಿ ಕೀ ಹುಡುಕಿದವರಿಗೆ ಯಾಕೆ ಅಂತ ಗೊತ್ತು. ಮುಂದಿನ ಜೇಬಿಗೆ ಖಣದ ತುಂಡು ಕೊಟ್ಟಿದ್ದಾರೆ, ನೋಡೋಕೆ ಚೆಂದ. ಆದರೆ ಖಣ ನೂಲು ಬಿಡುವ ಬಟ್ಟೆ. ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಹೊಲಿಗೆ ಇಲ್ಲದೆ ಹಾಗೇ ಕಳಿಸಿದ್ದಾರೆ. ನಾನು ಅಂಚನ್ನು ಎರಡು ಸಲ ಮಡಚಿ ಹೊಲಿಸಿದೆ.

ಹೊಲಿಯುವ ಕ್ರಮ ಸುಲಭ. ಹೊರಗಿನ ಎರಡು ತುಂಡುಗಳನ್ನು ಸೀದಾ ಬದಿ ಒಳಗೆ ಬರುವಂತೆ ಇಟ್ಟು ಎರಡು ಪಕ್ಕ ಮತ್ತು ತಳ ಹೊಲಿಯಬೇಕು. ತಳದ ಹತ್ತಿರ ಪಕ್ಕದ ಹೊಲಿಗೆಯಲ್ಲೇ ಪಟ್ಟಿಯ ಲೂಪ್ ಸಿಕ್ಕಿಸಬೇಕು. ಲೈನಿಂಗೂ ಹಾಗೇ, ಆದರೆ ತಳದಲ್ಲಿ ನಾಲ್ಕು ಇಂಚು ಬಿಡಬೇಕು. ಆಮೇಲೆ ಒಂದರೊಳಗೊಂದು ಇಟ್ಟು ಬಾಯಿ ಸುತ್ತ ಹೊಲಿದು, ಬಿಟ್ಟ ಜಾಗದಿಂದ ಇಡೀ ಬ್ಯಾಗನ್ನು ಹೊರಗೆಳೆಯುವುದು. ಆ ಸಣ್ಣ ತೂತಿನಿಂದ ಬ್ಯಾಗ್ ಹೊರಗೆ ಬಂದಾಗ ಹುಡುಗಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಜೊತೆಗೆ ಬಂದ ಕಾಗದದಲ್ಲಿ ಚಿತ್ರಗಳಿವೆ, ವಿವರಣೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಚಿತ್ರ ನೋಡಿಕೊಂಡೇ ಹೊಲಿಯಬಹುದು ಬಿಡಿ. ಆದರೆ ಮುಖ್ಯವಾದ ಒಂದು ವಿಷಯ ಅದರಲ್ಲಿಲ್ಲ. ಲಾಡಿ ತೂರಿಸಲು ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಬಿಡಿ ಅಂತಾರೆ, ಅಷ್ಟೇ. ಬಿಟ್ಟ ಜಾಗದ ಮೇಲೂ ಕೆಳಗೂ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡುವ ರಿವರ್ಸ್ ಹೊಲಿಗೆ ಹಾಕಬೇಕು, ಇಲ್ಲದಿದ್ದರೆ ಲಾಡಿ ಎಳೆದಂತೆಲ್ಲ ಅದು ಬಿಚ್ಚುತ್ತಾ ಹೋಗುತ್ತದೆ. ಒಳಗಿನ ಮಾರ್ಜಿನ್ನನ್ನು, ಅಂದರೆ ಹೊಲಿಗೆಯಾಚೆ ಉಳಿದ ಅರ್ಧ ಇಂಚು ಬಟ್ಟೆಯನ್ನು, ಎರಡು ಕಡೆಗೂ ಬಿಡಿಸಿ, ಇಸ್ತ್ರಿ ಮಾಡಿ, ಅಲ್ಲೊಂದು ಹೊಲಿಗೆ ಕೂರಿಸಬೇಕು. ಹಾಗೆ ಮಾಡದಿದ್ದರೆ ಲಾಡಿ ತೂರಿಸುವ ಪಿನ್ನು ಮಾರ್ಜಿನ್ ಕೆಳಗೆ ನುಗ್ಗಿ ನಿಂತುಬಿಡುತ್ತದೆ. ಹಿಂದೆ ಬರಲ್ಲ, ಮುಂದೆ ಹೋಗಲ್ಲ. ಹೊಸಬರು ಅಲ್ಲೇ ಕೈಬಿಡುವುದು.

ಇನ್ನು ಲಾಡಿ. ನನ್ನ ಸಿಟ್ಟೆಲ್ಲ ಇದರ ಮೇಲೆ. ಕೊಟ್ಟಿರುವುದು 60 ಇಂಚಿನ ಎರಡು ಲಾಡಿ. ನೀವೇ ಲೆಕ್ಕ ಹಾಕಿ. ಹೊಲಿದ ಮೇಲೆ ಬ್ಯಾಗಿನ ಅಗಲ 15 ಇಂಚು. ಒಂದೊಂದು ಲಾಡಿಯೂ ತನ್ನ ಕಡೆಯ ಲೂಪಿನಿಂದ ಹೊರಟು 16 ಇಂಚು ಮೇಲೆ ಹೋಗಬೇಕು, ಬಾಯಿಯನ್ನು ಪೂರ್ತಿ, ಅಂದರೆ 30 ಇಂಚು, ಸುತ್ತಬೇಕು, ಮತ್ತೆ 16 ಇಂಚು ಇಳಿದು ಅದೇ ಲೂಪಿಗೆ ಬರಬೇಕು. ಅಲ್ಲಿಗೇ 62 ಆಯ್ತು. ಗಂಟಿಗೆ ಎಲ್ಲಿದೆ? ಹಾಗಾಗಿ ಗಂಟು ಹಾಕಿದ ಮೇಲೆ ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ಒಂದೊಂದಕ್ಕೆ ಎರಡು ಗಜ, ಅಂದರೆ 72 ಇಂಚು ಬೇಕೇ ಬೇಕು. ದಪ್ಪವಾದರೂ ಇದೆಯಾ ಅಂದರೆ ಅದೂ ಇಲ್ಲ, ಮೂರು ಮಿಲಿಮೀಟರ್. ಎರಡು ಪುಸ್ತಕ, ಒಂದು ನೀರಿನ ಬಾಟಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದ ಹುಡುಗಿಯ ಹೆಗಲ ಮೇಲೆ ಕೆಂಪು ಗೆರೆ ಮೂಡಿತ್ತು. ಆರು ಮಿಲಿಮೀಟರಿನ ಕಾಟನ್ ಲಾಡಿ ತಂದು ಬದಲಾಯಿಸಿದೆವು, ಈಗ ಆರಾಮ.

ಒಂದು ಮಾತು ಹೇಳಲೇಬೇಕು, ತಳಕ್ಕೆ ಲಾಡಿ ತೂರಿಸುವ ಕಬ್ಬಿಣದ ಬಳೆ, ಅಂದರೆ ಐಲೆಟ್ ಕೊಡದೆ ಪಟ್ಟಿಯ ಲೂಪ್ ಕೊಟ್ಟಿದ್ದು ಬುದ್ಧಿವಂತಿಕೆ. ಐಲೆಟ್ ಹಿಂದೆ ಬಕ್ರಮ್ ಅನ್ನುವ ಗಟ್ಟಿ ಬಟ್ಟೆ ಇಲ್ಲದಿದ್ದರೆ ಭಾರಕ್ಕೆ ಬಟ್ಟೆಯೇ ಹರಿಯುತ್ತದೆ. ಲೂಪ್ ಬರುವ ಜಾಗದಲ್ಲಿ ಬಟ್ಟೆ ನಾಲ್ಕು ಪದರ ಆಗುತ್ತದೆ. ಅವರು ಕೊಟ್ಟ 14ನೇ ನಂಬರ್ ಸೂಜಿ ಅಲ್ಲಿ ಒದ್ದಾಡಿತು. ಅದಕ್ಕಿಂತ ದಪ್ಪದ 16 ಹಾಕಿ, ಮೆಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿದೆವು.

ಮೊದಲ ಸಲ ಒಗೆದಾಗ ಇನ್ನೊಂದು ಗೊತ್ತಾಯ್ತು. ಕ್ಯಾನ್ವಾಸ್ ಕುಗ್ಗಿತು, ಲೈನಿಂಗ್ ಕುಗ್ಗಲಿಲ್ಲ. ಈಗ ಒಳಗಿನ ಬಟ್ಟೆ ಸಡಿಲವಾಗಿ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ. ಲೈನಿಂಗನ್ನು ಕಾಲು ಇಂಚು ಚಿಕ್ಕದಾಗಿ ಕತ್ತರಿಸುವುದು ಟೈಲರುಗಳಿಗೆ ಗೊತ್ತಿರುವ ವಿಷಯವೇ. ಇವರು ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದ್ದಾರೆ. ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸುವ ಕೆಲಸವೂ ಅವರದ್ದೇ. ಕತ್ತರಿಸಿದ ತುಂಡನ್ನು ನಾವು ನೆನೆಸಿದರೆ ಅಂಚೆಲ್ಲ ನೂಲಾಗುತ್ತದೆ, ಅಲ್ವಾ?

ಕತ್ತರಿ ಹಿಡಿಯಲು ಭಯ ಇರುವವರು ಇದನ್ನು ತರಿಸಬಹುದು. ಆದರೆ ಕಿಟ್ ಬಿಚ್ಚುವ ಮೊದಲೇ ಬೇರೆ ಲಾಡಿ ತಂದಿಟ್ಟುಕೊಳ್ಳಿ. ಕತ್ತರಿಸಲು ಬರುತ್ತೆ ಅನ್ನುವವರಿಗೆ 649 ಸುಮ್ನೆ ದಂಡ. ಎರಡನೇ ಬ್ಯಾಗಿಗೆ ನಾವು ದಾವಣಗೆರೆಯ ಚೌಕಿಪೇಟೆಯಲ್ಲಿ 44 ಇಂಚು ಪನ್ನದ, ಅಂದರೆ ಅಗಲದ, ಕ್ಯಾನ್ವಾಸ್ ಅರ್ಧ ಮೀಟರ್, ಅಷ್ಟೇ ಲೈನಿಂಗ್, ನಾಲ್ಕು ಗಜ ಲಾಡಿ ತಂದೆವು. ಎಲ್ಲಾ ಸೇರಿ 250 ರೂಪಾಯಿಯೂ ಆಗಲಿಲ್ಲ, ಜೇಬಿಗೆ ಆಗುವಷ್ಟು ಬಟ್ಟೆಯೂ ಉಳಿಯಿತು. ಅರ್ಧ ಮೀಟರ್ ಕೇಳಿದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. "ಮೊದಲು ಒಂದು ಹೊಲಿದು ನೋಡ್ತೀವಿ, ಚೆನ್ನಾಗಿ ಬಂದ್ರೆ ಹತ್ತು ಮೀಟರ್ ಬೇಕಾಗುತ್ತೆ" ಅನ್ನಿ, ಕತ್ತರಿಸಿ ಕೊಡುತ್ತಾರೆ.