ವಿಶ್ವವಿದ್ಯಾಲಯದ ಜಾಲದಲ್ಲಿ ಯಾವುದು ಮೇಲು: ಚಂದಾ ಕಟ್ಟಿದ ಭದ್ರತಾ ತಂತ್ರಾಂಶವೋ, ವಿಂಡೋಸ್ ಜೊತೆಗೇ ಬಂದ ಡಿಫೆಂಡರೋ?

ಒಂದು ವರ್ಷದ ಚಂದಾ ಕಟ್ಟಿ ಹಾಕಿಸಿಕೊಂಡಿದ್ದ ಭದ್ರತಾ ತಂತ್ರಾಂಶವನ್ನು ಅವಧಿ ಮುಗಿಯಲು ಇನ್ನೂ ಐದು ತಿಂಗಳು ಇರುವಾಗಲೇ ತೆಗೆದುಹಾಕಿದೆ. ಅಂದಿನಿಂದ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮತ್ತು ಅದರ ಫೈರ್‌ವಾಲ್‌ (ಜಾಲದಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ಇವುಗಳನ್ನೇ ನೆಚ್ಚಿಕೊಂಡಿದ್ದೇನೆ. ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ವಿಶ್ವವಿದ್ಯಾಲಯದ ವೈಫೈಯಲ್ಲಿ, ಸಂಶೋಧನೆಯ ದಿನನಿತ್ಯದ ಕೆಲಸದ ನಡುವೆ ಬಳಸಿ ನೋಡಿದ ಮೇಲೆ ನನಗೆ ಈ ವಿಷಯದಲ್ಲಿ ಸಂದೇಹ ಉಳಿದಿಲ್ಲ.

ವೈರಸ್ ಹಿಡಿಯುವ ವಿಷಯದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ವೇಗದಲ್ಲಿಯೂ ಹೇಳಿಕೊಳ್ಳುವಂಥ ಅಂತರವಿಲ್ಲ.

ವ್ಯತ್ಯಾಸ ಕಂಡದ್ದು ಜಾಲದ ವಿಷಯದಲ್ಲಿ. ವಿಶ್ವವಿದ್ಯಾಲಯದ ಜಾಲದಲ್ಲಿ ನಮ್ಮ ಪಕ್ಕದಲ್ಲೇ ಸಾವಿರಾರು ಅಪರಿಚಿತ ಯಂತ್ರಗಳಿರುತ್ತವೆ. ಅವುಗಳಲ್ಲಿ ಯಾವುದಕ್ಕೆ ಸೋಂಕು ತಗುಲಿದೆಯೆಂದು ನಮಗೆ ತಿಳಿಯುವ ದಾರಿಯಿಲ್ಲ. 2003ರ ಆಗಸ್ಟ್‌ನಲ್ಲಿ ಹಬ್ಬಿದ ಬ್ಲಾಸ್ಟರ್ ಎಂಬ ಹುಳು (ತಾನಾಗಿ ಹರಡುವ ಕೇಡಿನ ತಂತ್ರಾಂಶ) ಆಗಲಿ, 2017ರ ಮೇ ತಿಂಗಳ ವಾನಾಕ್ರೈ ಆಗಲಿ, ಬಳಕೆದಾರರು ಯಾವುದನ್ನೂ ತೆರೆಯದಿದ್ದರೂ ಯಂತ್ರದಿಂದ ಯಂತ್ರಕ್ಕೆ ಜಾಲದ ಮೂಲಕವೇ ದಾಟಿದವು. ಕಡತ ಹಂಚಿಕೆಗೆ ಬಳಕೆಯಾಗುವ 445ನೆಯ ಪೋರ್ಟ್ ವಾನಾಕ್ರೈಗೆ ಬಾಗಿಲಾಯಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಆದ್ದರಿಂದ ಇಂಥ ಜಾಲದಲ್ಲಿ ನಾನು ಮೊದಲು ಕೇಳುವುದು ಎರಡೇ: ಅಪ್‌ಡೇಟ್ ತಪ್ಪದೆ ಆಗುತ್ತಿದೆಯೇ, ಹೊರಗಿನಿಂದ ಬರುವ ಸಂಪರ್ಕಗಳಿಗೆ ಬಾಗಿಲು ಮುಚ್ಚಿದೆಯೇ?

ಚಂದಾ ಕಟ್ಟಿದ ತಂತ್ರಾಂಶ ನನ್ನನ್ನು ಸೋಲಿಸಿದ್ದು ಈ ಎರಡನೆಯ ಪ್ರಶ್ನೆಯಲ್ಲಿ. ಅದರೊಳಗೆ ಒಂದು ವಿಪಿಎನ್ (ನಮ್ಮ ಸಂಪರ್ಕವನ್ನೆಲ್ಲ ಗುಟ್ಟಾಗಿ ಬೇರೊಂದು ಸರ್ವರಿನ ಮೂಲಕ ಸಾಗಿಸುವ ಸೌಲಭ್ಯ) ಇತ್ತು. ಪರಿಚಯವಿಲ್ಲದ ವೈಫೈ ಕಂಡೊಡನೆ ಅದು ತಾನಾಗಿ ಚಾಲೂ ಆಗುತ್ತಿತ್ತು, ವಿಪಿಎನ್ ಸಂಪರ್ಕ ಸಿಗುವವರೆಗೆ ಬೇರೇನನ್ನೂ ಹೊರಗೆ ಬಿಡುತ್ತಿರಲಿಲ್ಲ. ನಮ್ಮ ಓದುವ ಕೋಣೆಯ ವೈಫೈಯಲ್ಲಾದರೋ ಮೊದಲು ಒಂದು ಪುಟದಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟ ಮೇಲೆಯೇ ಇಂಟರ್‌ನೆಟ್ ಸಿಗುತ್ತದೆ. ಲಾಗಿನ್ ಆಗದೆ ವಿಪಿಎನ್ ಸೇರಲಾಗದು, ವಿಪಿಎನ್ ಸೇರದೆ ಲಾಗಿನ್ ಪುಟ ತೆರೆಯದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ. ಪ್ರತಿದಿನ ಬೆಳಿಗ್ಗೆ ವಿಪಿಎನ್ ನಿಲ್ಲಿಸಿ, ಲಾಗಿನ್ ಆಗಿ, ಮತ್ತೆ ಹಾಕುತ್ತಿದ್ದೆ.

ಅಷ್ಟಾದರೂ ಸಹಿಸಬಹುದಿತ್ತು. ಆದರೆ ಗ್ರಂಥಾಲಯ ಚಂದಾ ಕಟ್ಟಿರುವ ಸಂಶೋಧನಾ ಪತ್ರಿಕೆಗಳು ಓದುಗನನ್ನು ವಿಶ್ವವಿದ್ಯಾಲಯದ ಐಪಿ ವಿಳಾಸದಿಂದ ಗುರುತಿಸುತ್ತವೆ. ವಿಪಿಎನ್ ಹಾಕಿದೊಡನೆ ನನ್ನ ವಿಳಾಸ ಬೇರೆಲ್ಲಿಯದೋ ಆಗಿ, ಕ್ಯಾಂಪಸ್ಸಿನೊಳಗೇ ಕುಳಿತಿದ್ದರೂ ಲೇಖನಕ್ಕೆ ಹಣ ಕೊಡಿ ಎಂಬ ಪುಟ ಬರುತ್ತಿತ್ತು. ವಿಭಾಗದ ಒಳ ಸರ್ವರಿನ ಹೆಸರು ಹೊರಗಿನ ಡಿಎನ್ಎಸ್‌ಗೆ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ) ಗೊತ್ತಿಲ್ಲದ ಕಾರಣ ಅದೂ ಸಿಗುತ್ತಿರಲಿಲ್ಲ.

ಕೊನೆಗೆ ಬೇಸತ್ತು ಕ್ಯಾಂಪಸ್ ವೈಫೈಯನ್ನು ಆ ತಂತ್ರಾಂಶದ ‘ನಂಬಿಕೆಯ ಜಾಲ’ಗಳ ಪಟ್ಟಿಗೆ ಸೇರಿಸಿದೆ. ವಿಪಿಎನ್ ಕಾಟ ನಿಂತಿತು. ಎರಡು ವಾರದ ನಂತರ ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತನ ಪರದೆಯಲ್ಲಿ ನನ್ನ ಲ್ಯಾಪ್‌ಟಾಪಿನ ಹೆಸರು ಕಂಡಿತು. ಮನೆಯ ಇನ್ನೊಂದು ಕಂಪ್ಯೂಟರಿಗೆ ಕಡತ ಸಾಗಿಸಲೆಂದು ಪಾಸ್‌ವರ್ಡ್ ಇಲ್ಲದೆ ಹಂಚಿಟ್ಟಿದ್ದ ಫೋಲ್ಡರ್ ಅವನಿಗೆ ಸಲೀಸಾಗಿ ತೆರೆಯಿತು. ವಿಪಿಎನ್‌ಗೂ ಫೈರ್‌ವಾಲ್‌ಗೂ ಆ ತಂತ್ರಾಂಶದಲ್ಲಿ ಒಂದೇ ಪಟ್ಟಿ. ವಿಪಿಎನ್ ಬೇಡವೆಂದು ನಾನು ಮಾಡಿದ ಕೆಲಸ ಫೈರ್‌ವಾಲಿನ ಬಾಗಿಲನ್ನೂ ತೆರೆದಿತ್ತು. ಫೋಲ್ಡರನ್ನು ಹಾಗೆ ಹಂಚಿದ ತಪ್ಪು ನನ್ನದೇ. ಆದರೆ ಎರಡು ಬೇರೆ ಬೇರೆ ನಿರ್ಧಾರಗಳನ್ನು ಒಂದೇ ಗುಂಡಿಗೆ ಕಟ್ಟಿದ್ದು, ಕಟ್ಟಿರುವುದನ್ನು ಹೇಳದೆ ಇದ್ದದ್ದು ಆ ತಂತ್ರಾಂಶದ ತಪ್ಪು.

ಅದನ್ನು ತೆಗೆದೊಡನೆ ಡಿಫೆಂಡರ್ ತಾನಾಗಿ ಎಚ್ಚರಗೊಂಡಿತು. ನಾನು ಮಾಡಿದ್ದು ಸ್ವಲ್ಪವೇ: ಕ್ಯಾಂಪಸ್ ವೈಫೈಯನ್ನು ‘ಪಬ್ಲಿಕ್’ (ಅಂದರೆ ನಂಬಬಾರದ ಜಾಲ) ಎಂದು ಗುರುತಿಸಿದೆ, ಫೋಲ್ಡರ್ ಹಂಚಿಕೆ ನಿಲ್ಲಿಸಿದೆ, ದಿನದ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ ಮಾಡಿಕೊಂಡೆ. ಕಡತಗಳನ್ನು ಒತ್ತೆ ಹಿಡಿಯುವ ತಂತ್ರಾಂಶಗಳಿಂದ ಮುಖ್ಯ ಫೋಲ್ಡರುಗಳನ್ನು ಕಾಯುವ ಸೌಲಭ್ಯವೊಂದು ಡಿಫೆಂಡರಿನಲ್ಲಿದೆ. ಮೊದಲಿಗೆ ಅದು ಆರಿರುತ್ತದೆ, ನಾವೇ ಹಾಕಬೇಕು. ಹಾಕಿದ ದಿನ ನನ್ನ ಸಂಖ್ಯಾಶಾಸ್ತ್ರದ ತಂತ್ರಾಂಶ ಫಲಿತಾಂಶ ಉಳಿಸಲಾಗದೆ ನಿಂತುಬಿಟ್ಟಿತು. ಅನುಮತಿಯ ಪಟ್ಟಿಗೆ ಅದನ್ನು ಸೇರಿಸಿದ ಮೇಲೆ ಸರಿಹೋಯಿತು. ಆ ಅನುಮತಿ ಬೇರೆ ಯಾವುದನ್ನೂ ಸಡಿಲಿಸಲಿಲ್ಲ.

ಈ ಎರಡು ತಂತ್ರಾಂಶಗಳೂ ಕಾಯದ ಒಂದು ಜಾಗವಿದೆ. ವಿಶ್ವವಿದ್ಯಾಲಯಗಳು ಪರಸ್ಪರ ಹಂಚಿಕೊಳ್ಳುವ ಎಡುರೋಮ್ ಎಂಬ ವೈಫೈ ವ್ಯವಸ್ಥೆಗೆ ಸೇರಿದ ಸಂಸ್ಥೆಗಳಲ್ಲೆಲ್ಲ ವೈಫೈಗೆ ಅದೇ ಹೆಸರು, ಆ ಹೆಸರಿನಲ್ಲಿ ಯಾರು ಬೇಕಾದರೂ ನಕಲಿ ವೈಫೈ ಇಡಬಹುದು. ಸರ್ವರ್ ಅಸಲಿಯೆಂದು ತೋರಿಸುವ ಪ್ರಮಾಣಪತ್ರವನ್ನು ಪರೀಕ್ಷಿಸದೆ ಸೇರಿದರೆ ಪಾಸ್‌ವರ್ಡ್ ಅವರ ಕೈ ಸೇರುವ ಅಪಾಯವಿದೆ. ವಿಶ್ವವಿದ್ಯಾಲಯವೇ ಕೊಡುವ ಸೆಟಪ್ ಬಳಸಿ ಸೇರುವುದೇ ಕ್ಷೇಮ.

ಮನೆಮಂದಿಯ ಐದಾರು ಫೋನು, ಕಂಪ್ಯೂಟರುಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದವರಿಗೆ ಚಂದಾ ತಂತ್ರಾಂಶ ಅನುಕೂಲವಾದೀತು. ವಿಂಡೋಸ್ ಬದಲು ಉಬುಂಟು ಅಥವಾ ಮ್ಯಾಕ್ ಬಳಸುವವರು ಅವುಗಳ ಫೈರ್‌ವಾಲ್ ಮೊದಲಿಗೆ ಆರಿರುತ್ತದೆ ಎಂಬುದನ್ನು ನೆನಪಿಡಬೇಕು.

ನನ್ನದು ಒಂದೇ ಲ್ಯಾಪ್‌ಟಾಪ್, ವಿದ್ಯಾರ್ಥಿವೇತನದ ಆದಾಯ. ಚಂದಾ ಮುಂದುವರಿಸಲು ಎತ್ತಿಟ್ಟಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಹೊರ ಹಾರ್ಡ್ ಡಿಸ್ಕ್ ಕೊಂಡೆ. ಪ್ರತಿ ಶನಿವಾರ ಪ್ರಬಂಧ ಮತ್ತು ದತ್ತಾಂಶಗಳನ್ನು ಅದಕ್ಕೆ ನಕಲಿಸಿ, ತಂತಿ ಕಿತ್ತು, ಮೇಜಿನ ಖಾನೆಯಲ್ಲಿಡುತ್ತೇನೆ.