ಆರು ಚಕ್ರದ ಕಿಟ್ ಮತ್ತು ಎರಡು ಕಿಲೋ ಆಲೂಗಡ್ಡೆ

ಬೆಂಗಳೂರಿನ ಕಂಪನಿಯೊಂದು ಮಾರುವ ಆರು ಚಕ್ರದ ರೋವರ್ ಕಿಟ್ಟನ್ನು ಜೂನ್‌ನಲ್ಲಿ 8,600 ರೂಪಾಯಿ ಕೊಟ್ಟು ತರಿಸಿದೆ. ಶಾಲೆಯ ಹಣವಲ್ಲ, ನನ್ನದೇ. ಹಾಸನದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ಆಂಟೆನಾಗಳನ್ನು ನೋಡುತ್ತ ಬೆಳೆದ ಮಕ್ಕಳು ಸುಮ್ಮನೆ ಕೂರುವವರಲ್ಲ. "ಮಿಸ್, ಪ್ರಜ್ಞಾನ್ ರೋವರನ್ನು ಚಂದ್ರನಿಗೆ ಕಳಿಸುವ ಮೊದಲು ಎಲ್ಲಿ ಓಡಿಸಿ ನೋಡಿದರು?" ಎಂದು ಒಬ್ಬಳು ಕೇಳಿದ್ದಕ್ಕೆ ಈ ಖರ್ಚು.

ಮೊದಲು ದೂರು. ಪೊಟ್ಟಣದಲ್ಲಿ ಎಂಟು ಸ್ಕ್ರೂ ಕಡಿಮೆ ಇದ್ದವು. ಜೋಡಿಸುವ ಪುಸ್ತಿಕೆಯ ಚಿತ್ರಗಳು ಅಂಚೆಚೀಟಿಯಷ್ಟು ಚಿಕ್ಕವು. ಇದಕ್ಕಿಂತ ದೊಡ್ಡ ತೊಂದರೆ ಚಕ್ರಗಳನ್ನು ಹೊತ್ತ ಎಡ-ಬಲ ತೋಳುಗಳನ್ನು ಬೆಸೆಯುವ ಅಡ್ಡಸರಳಿನದು. ಈ ಬಗೆಯ ಗಾಡಿಯಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಒಂದು ಚಕ್ರ ಕಲ್ಲು ಹತ್ತಿದರೂ ಉಳಿದ ಐದು ನೆಲ ಬಿಡದ ಹಾಗೆ ತೋಳುಗಳು ತಾವೇ ಬಾಗುತ್ತವೆ, ಎರಡೂ ಕಡೆಯ ಓರೆಯನ್ನು ಹಂಚಿಕೊಂಡು ನಡುವಿನ ಪೆಟ್ಟಿಗೆಯನ್ನು ಆದಷ್ಟು ಸಮವಾಗಿ ಇಡುವುದು ಆ ಅಡ್ಡಸರಳು. ನಾಸಾದ ಮಂಗಳ ರೋವರ್ ಕ್ಯೂರಿಯಾಸಿಟಿಯಿಂದ ಪ್ರಜ್ಞಾನ್‌ವರೆಗೆ ಇದೇ ತತ್ತ್ವ. ನಮ್ಮ ಕಿಟ್‌ನಲ್ಲಿ ಅದರ ಪ್ಲಾಸ್ಟಿಕ್ ಬುಷ್, ಅಂದರೆ ಸರಳು ಕೂರುವ ಬಳೆ, ಎಷ್ಟು ಸಡಿಲವೆಂದರೆ ಗಾಡಿ ಕುಡಿದವನಂತೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಬಿ.ಎಂ. ರಸ್ತೆಯ ಲೇತ್ ಅಂಗಡಿಗೆ ಒಯ್ದೆ. "ಇದು ಯಾವ ಪಂಪಿನ ಭಾಗ ಮೇಡಂ?" ಎಂದು ಕೇಳಿದ ಯಜಮಾನರು, ಉತ್ತರ ಕೇಳಿದ ಮೇಲೆ ಊಟಕ್ಕೆ ಹೋಗುವುದನ್ನೂ ಬಿಟ್ಟು ಹಿತ್ತಾಳೆಯ ಬುಷ್ ಕಡೆದುಕೊಟ್ಟರು. 120 ರೂಪಾಯಿ. ಅಲ್ಲಿಂದ ಮುಂದೆ ಗಾಡಿ ಮಲಗಿಸಿದ ಇಟ್ಟಿಗೆಯನ್ನು ಹತ್ತಿ ಇಳಿಯಿತು. ಮೋಟಾರುಗಳು ಒಳ್ಳೆಯವು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಸೈಕಲ್ ಶೆಡ್ಡಿನಲ್ಲಿ ಐದಡಿ ಉದ್ದದ ಹಲಗೆ ತೊಟ್ಟಿ ಮಾಡಿ, ಜರಡಿ ಹಿಡಿದ ಎಂ-ಸ್ಯಾಂಡ್‌ಗೆ ಅಕ್ಕಿ ಗಿರಣಿಯ ಉಮಿಬೂದಿ ಬೆರೆಸಿದೆವು. ಕಿಟ್‌ನ ನುಣುಪು ಚಕ್ರಗಳು ಅಲ್ಲಿ ಮೂರು ಸುತ್ತು ತಿರುಗುವಷ್ಟರಲ್ಲೇ ಅಚ್ಚಿನವರೆಗೆ ಹೂತುಹೋದವು. ಪ್ರತಿ ಚಕ್ರಕ್ಕೂ ಹನ್ನೆರಡು ಕೇಬಲ್ ಟೈ ಬಿಗಿದು ಹಲ್ಲು ಮೂಡಿಸಿದ ಮೇಲೆ ಹಿಡಿತ ಸಿಕ್ಕಿತು. ಕಂಪನಿಯವರು ಮೊದಲೇ ಮಾಡಿ ಕೊಡಬಹುದಾಗಿದ್ದ ಕೆಲಸ. 2009ರಲ್ಲಿ ಮಂಗಳನ ಮರಳಿನಲ್ಲಿ ನಾಸಾದ ಸ್ಪಿರಿಟ್ ರೋವರ್ ಸಿಕ್ಕಿಕೊಂಡಾಗ ಕ್ಯಾಲಿಫೋರ್ನಿಯಾದ ನಾಸಾ ಪ್ರಯೋಗಾಲಯ ಜೆಪಿಎಲ್‌ನವರೂ ಹೀಗೆಯೇ ತೊಟ್ಟಿಯಲ್ಲಿ ನುಣುಪು ಪುಡಿ ತುಂಬಿ, ಪರೀಕ್ಷೆಗೆಂದು ಭೂಮಿಯಲ್ಲೇ ಇಟ್ಟುಕೊಂಡಿದ್ದ ಅದರ ಜೋಡಿ ರೋವರನ್ನು ಬೇಕೆಂದೇ ಹೂತು, ಬಿಡಿಸುವ ದಾರಿ ಹುಡುಕಿದ್ದರು. ಸ್ಪಿರಿಟ್ ಮಾತ್ರ ಹೊರಬರಲಿಲ್ಲ.

ಕಿಟ್‌ನ ಪೆಟ್ಟಿಗೆಯ ಮೇಲೆ ‘ಚಂದ್ರನ ಮೇಲಿನ ಅನುಭವ’ ಎಂದು ಅಚ್ಚಾಗಿದೆ. ಅದು ಸುಳ್ಳು. 26 ಕಿಲೋದ ಪ್ರಜ್ಞಾನ್ ಚಂದ್ರನ ಮೇಲೆ ಇಲ್ಲಿನ ಆರನೇ ಒಂದು ಭಾಗ ಮಾತ್ರ ತೂಗುತ್ತದೆ. ನಮ್ಮ ಗಾಡಿ ಬ್ಯಾಟರಿ ಸೇರಿ 2.4 ಕಿಲೋ. ಅಷ್ಟೂ ಭಾರ ಮರಳಿನ ಮೇಲೆ ಬಿದ್ದರೆ ಅದು ಹಾಸನದ ಅನುಭವ. ಮಂಗಳನ ಮೇಲೂ ತೂಕ ಕಡಿಮೆಯಾಗುವುದರಿಂದ ಕ್ಯೂರಿಯಾಸಿಟಿಗಾಗಿ ಜೆಪಿಎಲ್‌ನವರು ಕಂಪ್ಯೂಟರೇ ಇಲ್ಲದ ಹಗುರ ಗಾಡಿಯೊಂದನ್ನು ಮಾಡಿಕೊಂಡರು. ಮಿದುಳಿಲ್ಲದ್ದರಿಂದ ಅದಕ್ಕೆ ಸ್ಕೇರ್‌ಕ್ರೋ, ಅಂದರೆ ಬೆದರುಬೊಂಬೆ ಎಂದೇ ಹೆಸರು. ಇಸ್ರೋದವರು ತಮಿಳುನಾಡಿನ ಸಿತ್ತಂಪೂಂಡಿಯಲ್ಲಿ ಸಿಗುವ, ಚಂದ್ರನ ಕಲ್ಲನ್ನು ಹೋಲುವ ಅನಾರ್ಥೋಸೈಟ್ ಕಲ್ಲನ್ನು ಪುಡಿ ಮಾಡಿ ಹಾಸಿ, ರೋವರನ್ನು ಹೀಲಿಯಂ ಬಲೂನಿಗೆ ಕಟ್ಟಿ ಭಾರ ಇಳಿಸಿದರು.

ನಮಗೆ ಹೀಲಿಯಂ ಎಲ್ಲಿಂದ ಬರಬೇಕು? ಶೆಡ್ಡಿನ ತೊಲೆಗೆ ಟೈರ್ ಬಿಚ್ಚಿದ ಸೈಕಲ್ ಚಕ್ರವನ್ನು ತೂಗುಹಾಕಿ, ಅದರ ರಿಮ್ಮಿನ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಗಾಡಿ, ಇನ್ನೊಂದಕ್ಕೆ ಬಲೆಚೀಲದಲ್ಲಿ ಎರಡು ಕಿಲೋ ಆಲೂಗಡ್ಡೆ ಕಟ್ಟಿದೆವು. ಹಾಸನದಲ್ಲಿ ಬೇರೇನು ಕಟ್ಟುವುದು! ಚಕ್ರಗಳ ಮೇಲೆ ಉಳಿದದ್ದು 400 ಗ್ರಾಂ. ಗಾಡಿ ಈಗ ಹೂಳಲಿಲ್ಲ. ಆದರೆ ಇಳಿಜಾರು ಹತ್ತುವಾಗ ಹಲ್ಲಿದ್ದ ಚಕ್ರಗಳೂ ನಿಂತಲ್ಲೇ ತಿರುಗಿದವು: ಭಾರ ಕಡಿಮೆಯಾದರೆ ಹಿಡಿತವೂ ಕಡಿಮೆ. ತೊಟ್ಟಿಯ ಕೊನೆಗೆ ಬಂದಾಗ ಹಗ್ಗ ಓರೆಯಾಗಿ ಗಾಡಿಯನ್ನು ಹಿಂದಕ್ಕೆಳೆಯಿತು. ಬಲೂನಾದರೆ ಜೊತೆಯಲ್ಲೇ ತೇಲಿ ಹೋಗುತ್ತದೆ ಎಂದು ಹೇಳುವಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ, "ಮಿಸ್, ಗಾಡಿ ಹಗುರವಾಯಿತು, ಮರಳು ಹಗುರವಾಗಲಿಲ್ಲವಲ್ಲ?" ಎಂದ. ನಿಜ. ಕೆಳಗಿನ ಕಣಗಳು ಭೂಮಿಯ ಭಾರದಲ್ಲೇ ಒತ್ತಿಕೊಂಡಿರುತ್ತವೆ, ಚಂದ್ರನ ಮೇಲೆ ಅಷ್ಟು ಒತ್ತಿಕೊಂಡಿರುವುದಿಲ್ಲ. ಎಂಟು ಸಾವಿರದ ಆರುನೂರು ರೂಪಾಯಿ ಆ ಕ್ಷಣವೇ ವಸೂಲಾಯಿತು.

ಐದಕ್ಕೆ ಮೂರು ಅಂಕ. ಪರಿಚಯದ ಲೇತ್ ಅಂಗಡಿ ಇರುವವರು ಕೊಳ್ಳಬಹುದು, ಪೆಟ್ಟಿಗೆ ಬಿಚ್ಚಿದ ಕೂಡಲೇ ಓಡಬೇಕು ಎನ್ನುವವರಿಗೆ ಬೇಡ. ಸ್ಕ್ರೂಗಳಿಗಾಗಿ ಎರಡು ಬಾರಿ ಬರೆದೆ, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಉತ್ತರ ಬಂದಿದೆ. ಈ ಸೋಮವಾರ ಗಾಡಿ ಮತ್ತೆ ಹೂಳತೊಡಗಿತು. ಮೋಟಾರು, ಬ್ಯಾಟರಿ ಎಲ್ಲವನ್ನೂ ಬಿಚ್ಚಿ ನೋಡಿ ಸುಸ್ತಾದ ಮೇಲೆ ಚೀಲವನ್ನು ತಕ್ಕಡಿಗಿಟ್ಟೆವು. ಆಲೂಗಡ್ಡೆ ಬಾಡಿ ನೂರು ಗ್ರಾಂ ಇಳಿದಿತ್ತು, ನಮ್ಮ ಚಂದ್ರನ ಗುರುತ್ವ ಕಾಲು ಭಾಗ ಏರಿಬಿಟ್ಟಿತ್ತು. ಈಗ ಚೀಲದಲ್ಲಿ ಜಲ್ಲಿಕಲ್ಲು.